ಮೇದು ಬಂದ ಕೋಳಿ

ಸುಗಟೂರಿನಲ್ಲಿ ಕೋಳಿ ಸಾಕುವ ದೊಡ್ಡಮುನಿಯಮ್ಮ ಮೊಟ್ಟೆಯ ದುಡ್ಡನ್ನು ವಾಪಸ್ ಕೈಗೇ ತುರುಕಿದಾಗ ಸಹನಳ ಮುಖ ಕೆಂಪಗಾಯಿತು. ಪಕ್ಕದಲ್ಲಿ ರಾಗಿ ಹೊಟ್ಟು ಹಾಸಿದ ಬುಟ್ಟಿಗೆ ಮೊಟ್ಟೆ ಜೋಡಿಸುತ್ತಿದ್ದ ಮಗ ಮುರಳಿಮೋಹನ್ ತಲೆಯೆತ್ತಿ ನೋಡಿದ. ಏನೋ ಹೇಳಹೊರಟವನು ಮಾತು ನುಂಗಿಕೊಂಡ. ಆ ನೋಟದಲ್ಲಿದ್ದದ್ದು ನಗುವೋ, ಕನಿಕರವೋ? ಕೋಲಾರದಲ್ಲಿ ಬಸ್ಸಿಳಿಯುವವರೆಗೂ ಅವಳಿಗೆ ಬಗೆಹರಿಯಲಿಲ್ಲ.

ಮಾಲೂರು ಪೇಟೆಯಲ್ಲಿ ಬೆಳೆದ ಸಹನ ಈಗ ಕೋಲಾರದ ಶಾಲೆಯೊಂದರಲ್ಲಿ ಟೀಚರ್. ಚಿಕ್ಕಂದಿನಲ್ಲಿ ಅಜ್ಜಿ ಎಲ್ಲಮ್ಮ ಹೇಳುತ್ತಿದ್ದ ಕಥೆಯಲ್ಲಿ ಹೇಂಟೆಯೊಂದು ಮಣ್ಣು ಕೆದಕಿ ಕೆದಕಿ ಸೂರ್ಯನನ್ನೇ ಹೊರಗೆ ತೆಗೆಯುತ್ತಿತ್ತು. ಮನೆಯಲ್ಲಿ ಕೋಳಿಸಾರು ಮಾಡಿದ ಒಂದು ಹಬ್ಬದ ದಿನ, ಆ ಹೇಂಟೆಯೇ ನೆನಪಾಗಿ ತಟ್ಟೆ ಬಿಟ್ಟೆದ್ದಳು. ಆಮೇಲೆ ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಈ ವರ್ಷ ಪಾಠ ಮಾಡುತ್ತಲೇ ತಲೆ ಸುತ್ತಿ ಕುಸಿದಳು. ರಕ್ತ ಕಮ್ಮಿಯಿದೆ, ಇನ್ನಾದರೂ ಮಾಂಸ, ಮೊಟ್ಟೆ ತಿನ್ನಮ್ಮ ಎಂದರು ಡಾಕ್ಟರು. ತಿನ್ನುತ್ತೇನೆ, ಆದರೆ ಬಿಸಿಲು ಕಂಡ, ಹುಳು ಕೆದಕಿ ತಿಂದ ಕೋಳಿಯದ್ದಾದರೆ ಮಾತ್ರ ಎಂದು ತನಗೆ ತಾನೇ ಷರತ್ತು ಹಾಕಿಕೊಂಡಳು.

ಷರತ್ತೇನೋ ಸುಲಭ, ಪಾಲಿಸುವುದೇ ಕಷ್ಟ. ಅಂಗಡಿಯಲ್ಲಿ ಹುಲ್ಲುಗಾವಲಿನ ಚಿತ್ರ ಬರೆದ ಡಬ್ಬಿಯ ಮೊಟ್ಟೆ ಅವಳ ಸಂಬಳಕ್ಕೆ ಎಟುಕಲಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ನಾಟಿ ಮೊಟ್ಟೆಯನ್ನು ತೊಳೆದರೆ ಟೀ ಡಿಕಾಕ್ಷನ್ನಿನ ಬಣ್ಣ ಬಿಟ್ಟು ಫಾರಂ ಮೊಟ್ಟೆಯಾಯಿತು. ಕೊನೆಗೆ ಜೊತೆಯ ಟೀಚರ್ ಅನಿತ ಸುಗಟೂರಿನ ದೊಡ್ಡಮುನಿಯಮ್ಮನ ಮನೆಗೆ ದಾರಿ ತೋರಿಸಿದಳು.

ಅಲ್ಲಿ ಹಿಪ್ಪುನೇರಳೆ ಸಾಲುಗಳ ನಡುವೆ ಕೋಳಿಗಳು ಅರಸಿಯರಂತೆ ಅಡ್ಡಾಡುತ್ತಿದ್ದವು. ಮೊದಲ ದಿನವೇ ಧೈರ್ಯ ಮಾಡಿ ಒಂದು ಕೆಂಪು ಹೇಂಟೆ ಕೊಂಡಳು. ಮುರಳಿ ಅದನ್ನು ಹಿಡಿದು, "ಕುಯ್ದು ಕೊಡ್ಲಾ?" ಎಂದ. ಹೇಂಟೆ ಕತ್ತು ಓರೆ ಮಾಡಿ ಸಹನಳನ್ನು ನೋಡಿತು. ಮುರಳಿಯೂ ಥೇಟ್ ಹಾಗೇ ಕತ್ತು ಓರೆ ಮಾಡಿ ನೋಡಿದ. ಯಾರ ಕಣ್ಣು ತಪ್ಪಿಸಬೇಕೋ ತಿಳಿಯದೆ, ಇಲ್ಲೇ ಇರಲಿ ಬಿಡಿ ಎಂದು ಬರೀ ಮೊಟ್ಟೆ ತೆಗೆದುಕೊಂಡು ಬಂದುಬಿಟ್ಟಳು.

ಅಲ್ಲಿಂದಾಚೆಗೆ ಭಾನುವಾರಗಳೆಲ್ಲ ಸುಗಟೂರಿನವೇ. ಮೊಟ್ಟೆಯೊಳಗಿನ ಅರಿಶಿನದಂಥ ಹಳದಿ ಒಡೆದು ತಿನ್ನುವಾಗ ಮುರಳಿಯ ಮಣ್ಣು ಮೆತ್ತಿದ ಬೆರಳುಗಳು ನೆನಪಾಗುತ್ತಿದ್ದವು. ಇದು ಹಸಿವೋ, ಬೇರೇನೋ? ಹೀಗಿರುವಾಗ ಈ ಭಾನುವಾರ ದುಡ್ಡೇ ಬೇಡವೆಂದರೆ ಏನರ್ಥ? ಅವನ ಕಣ್ಣಿಗೆ ತಾನು ಬರೀ ಕಾಯಿಲೆಯ ಹುಡುಗಿಯೇ? ಹಾಗಿದ್ದರೆ ಇನ್ನು ಅತ್ತ ಹೋಗುವುದೇ ಬೇಡ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಹೋಗದೆ ಕೂತರೂ ತಲೆ ಸುತ್ತಿದಂತೆಯೇ ಆಯಿತು.

ಸೋಮವಾರ ಶಾಲೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದರೆ, ಬುಟ್ಟಿ ಹಿಡಿದು ಮುರಳಿ ನಿಂತಿದ್ದ.

"ಯಾಕೆ ಬರ್ಲಿಲ್ಲ?"

"ದಾನದ ಮೊಟ್ಟೆ ನಂಗೆ ಬೇಡ."

ಅವನು ಕಕ್ಕಾಬಿಕ್ಕಿಯಾದ. "ದಾನ ಯಾರು ಕೊಟ್ರು? ದುಡ್ಡು ಕೊಟ್ಟು ಕೋಳೀನ ನಮ್ಮನೇಲೇ ಬಿಟ್ಟೋದ್ರಲ್ಲ, ಪಾಲಿಗೆ ಬಿಟ್ಟಂಗೆ ಅದು. ಮೊಟ್ಟೆ, ಮರಿ ಎಲ್ಲಾದ್ರಲ್ಲೂ ಅರ್ಧ ನಿಮ್ದೇ. ಮುಂಚೆ ಇಸ್ಕೊಂಡಿದ್ದು ಬೇರೆ ಕೋಳಿ ಮೊಟ್ಟೆ ದುಡ್ಡು, ಅವತ್ತಿನವು ನಿಮ್ ಹೇಂಟೇನ ಕಾವಿಗೆ ಕೂರ್ಸಿ ಮಿಕ್ಕಿದವು. ನಿಮ್ ಪಾಲಿಗೆ ನಾವು ದುಡ್ಡಿಸ್ಕೊಂಡ್ರೆ ಊರಲ್ಲಿ ಉಗೀತಾರೆ."

ಕೋಳಿಯೋ, ಕುರಿಯೋ, ಹಸುವೋ, ಒಬ್ಬರದನ್ನು ಇನ್ನೊಬ್ಬರು ಸಾಕಿದರೆ ಹುಟ್ಟಿದ್ದರಲ್ಲಿ ಅರ್ಧರ್ಧ. ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಪದ್ಧತಿ ಪೇಟೆಯ ಹುಡುಗಿಗೆ ಗೊತ್ತಿರಲಿಲ್ಲ. ಕರುಣೆ ತೋರಿಸಿದೆನೆಂದುಕೊಂಡವಳು ಸಂಬಂಧ ಕಟ್ಟಿ ಬಂದಿದ್ದಳು.

"ಅವತ್ತೇ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಪಾಲು ಹಂಚ್ಕೊಂಡು ಹೊರಟೋಗ್ತೀರ ಅಂತ..." ಅವನು ಬುಟ್ಟಿಯ ಅಂಚು ಕೆರೆದ. "ಈಗ ನಿಮ್ ಹೇಂಟೆ ಮರಿ ಮಾಡವ್ಳೆ. ಹಂಚಿ ಕಳ್ಸೋದಾ, ಇಲ್ಲ ಎಲ್ಲಾ ಒಂದೇ ಅಂಗಳದಲ್ಲಿ ಇರೋದಾ, ಕೇಳ್ಕಂಡು ಬಾ ಅಂದ್ಳು ಅಮ್ಮ."

ಇದು ಕೋಳಿಯ ಮಾತೋ, ತನ್ನ ಮಾತೋ? ಈ ಸಲ ಸಹನಳಿಗೆ ಗೊಂದಲವನ್ನು ಮನೆಗೆ ಹೊತ್ತೊಯ್ಯುವ ಮನಸ್ಸಾಗಲಿಲ್ಲ.

"ಅಮ್ಮ ಕೇಳಿದ್ದಾಯ್ತು. ನೀವೇನಂತೀರ?"

ಅವನು ಹತ್ತಬೇಕಿದ್ದ ಶ್ರೀನಿವಾಸಪುರದ ಬಸ್ಸು ಹೊಗೆ ಬಿಟ್ಟು ಹೊರಟಿತು. ಅದು ಮರೆಯಾಗುವವರೆಗೂ ಅವನು ಅದನ್ನೇ ನೋಡಿದ. ಆಮೇಲೆ ಅವಳತ್ತ ತಿರುಗಿ ಮೆಲ್ಲಗೆ, "ನಂಗೆ ಹಂಚೋಕೆ ಬರಲ್ಲ ರೀ," ಎಂದ.

ಅವಳು ಬುಟ್ಟಿಗೆ ಕೈ ಚಾಚಿದಳು. ಅವನು ಬಿಡಲಿಲ್ಲ. ಇಬ್ಬರೂ ಹಿಡಿದೇ ನಿಂತರು.

"ಭಾನುವಾರ ಬರ್ತೀನಿ. ಸಾರು ಮಾಡೋಕೆ ಹೇಳಿ ಅಮ್ಮನಿಗೆ, ಖಾರ ಸ್ವಲ್ಪ ಕಮ್ಮಿ. ಹುಂಜ ಆದ್ರೆ ತಿಂತೀನಿ. ನನ್ನೋಳನ್ನ ಮಾತ್ರ ಮುಟ್ಬೇಡಿ."

"ನಮ್ಮೋಳು," ಎಂದು ತಿದ್ದಿದ ಮುರಳಿ.