ಗಂಭೀರ ಲಿಂಕನ್, ರೆಕ್ಕೆಯ ಕ್ಯಾಡಿಲಾಕ್

ಹೆಂಡತಿಯನ್ನು ಯಾರಾದರೂ ಆಡಿಕೊಂಡರೆ ವಿಜಯಕುಮಾರ ಸುಮ್ಮನಿರುತ್ತಿದ್ದ. ಲಿಂಕನ್ನನ್ನು ಆಡಿಕೊಂಡರೆ ಮಾತ್ರ ಮೈ ಉರಿಯುತ್ತಿತ್ತು.

ಹಿಮಾಯತ್‌ನಗರದಲ್ಲಿ ಮದುವೆಗೆ ಹಳೆಯ ಅಮೆರಿಕನ್ ಕಾರು ಬಾಡಿಗೆಗೆ ಕೊಡುವವರು ಇಬ್ಬರೇ. ಇವನದು ಕರಿ ಲಿಂಕನ್: ನೆಟ್ಟಗಿನ ಮೈ, ಕಪಾಟಿನಂತೆ ನಡುವಿನಿಂದ ತೆರೆಯುವ ಬಾಗಿಲು, ನವಾಬರ ಗಾಂಭೀರ್ಯ. ಎದುರು ಸಾಲಿನ ಅಮರೇಶಪ್ಪನದು ಗುಲಾಬಿ ಕ್ಯಾಡಿಲಾಕ್: ಹಿಂದೆ ಎರಡು ರೆಕ್ಕೆ, ಮೈತುಂಬ ಕ್ರೋಮು. ಗಚ್ಚಿಬೌಲಿಯ ಸಾಫ್ಟ್‌ವೇರ್ ಹುಡುಗರು ಲಿಂಕನ್ನಿಗೆ ಒಂದು ಸುತ್ತು ಹಾಕಿ, "ಅಂಕಲ್, ಇದು ಮಂತ್ರಿ ಕಾರ್ ಇದ್ದಂಗ ಐತಿ" ಎಂದು ಎದುರು ಸಾಲಿಗೆ ದಾಟುತ್ತಿದ್ದರು. ಹೋದ ಸೀಸನ್ನಿನಲ್ಲಿ ಒಬ್ಬ ಮದುಮಗನೂ ಅದರಲ್ಲಿ ಕೂರಲಿಲ್ಲ. ಇನ್ನೊಂದು ಸೀಸನ್ ಹೀಗೇ ಹೋದರೆ ಲಿಂಕನ್ನನ್ನು ಮಾರಲೇಬೇಕಿತ್ತು.

ಕ್ಯಾಡಿಲಾಕೇ ಇಲ್ಲದಿದ್ದರೆ? ಪಟಾನ್‌ಚೆರುವಿನ ಗುಜರಿಯವನು ಸಂಜೆಯೊಳಗೆ ಅದನ್ನು ಬಿಚ್ಚಿ ಗುಡ್ಡೆ ಹಾಕಲು ಒಪ್ಪಿದ. ಆದರೆ ಅಷ್ಟುದ್ದದ ಗುಲಾಬಿ ಕಾರನ್ನು ಯಾರ ಕಣ್ಣಿಗೂ ಬೀಳದಂತೆ ಒಯ್ಯುವುದು ಹೇಗೆ? ಎಲ್ಲರ ಕಣ್ಣಿಗೂ ಬೀಳುವಂತೆ ಒಯ್ಯುವುದು! ಹೂವು ಹಾಕಿದ ಮದುವೆ ಕಾರನ್ನು ಯಾರು ತಡೆಯುತ್ತಾರೆ? ಇದು ಹೊಳೆದಾಗ ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತು.

ಇಬ್ಬರ ಕಾರಿಗೂ ಒಬ್ಬನೇ ಮೆಕ್ಯಾನಿಕ್. ಅವನ ಗ್ಯಾರೇಜಿನಿಂದ ನಕಲಿ ಕೀಲಿಯಾಯಿತು. ಸುಲ್ತಾನ್ ಬಜಾರಿನಿಂದ ಡ್ರೈವರನ ಬಿಳಿ ಟೋಪಿ ಬಂತು. ಆಮೇಲೆ ತಾಳ್ಮೆಯಿಂದ ಕಾದ. ಕಡೆಗೆ ಎಲ್ಲವೂ ಕೂಡಿಬಂದ ವಾರ ಬಂತು. ಕ್ಯಾಡಿಲಾಕ್‌ಗೆ ಬುಕಿಂಗ್ ಇಲ್ಲ, ಅಮರೇಶಪ್ಪ ಊರಿಗೆ ಹೋಗಿದ್ದಾನೆ, ಅವನ ಶೆಡ್ಡಿನ ವಾಚ್‌ಮನ್ ಬಸುವೂ ರಜೆ ಹಾಕಿದ್ದಾನೆ.

"ಮಧ್ಯಾಹ್ನ ಎಲಿ ಹಾಕೂದರಾಗ ಬರ್ರಿ, ಮರಿಬ್ಯಾಡ್ರಿ," ಎಂದಳು ಹೆಂಡತಿ ಶಿವದೇವಿ. ತಲೆ ತುಂಬ ಕಾರೇ ಇದ್ದುದರಿಂದ ಅವನು ಹ್ಞೂಂಗುಟ್ಟಿ ಹೊರಟ.

ಅಮರೇಶಪ್ಪನ ಶೆಡ್ಡಿಗೆ ಹೊಕ್ಕು, ಬಾಗಿಲು ಮುಚ್ಚಿಕೊಂಡು ಕ್ಯಾಡಿಲಾಕ್‌ಗೆ ಚೆಂಡು ಹೂವಿನ ಮಾಲೆ ಕಟ್ಟಿದ. ಮುಂದೆ ಗಣಪನ ಚಿತ್ರ, ಹಿಂದೆ ಥರ್ಮಕೋಲಿನ ಬೋರ್ಡು: 'ಮಲ್ಲಿಕಾರ್ಜುನ ವೆಡ್ಸ್ ಮಂದಾಕಿನಿ'. ಇಬ್ಬರೂ ಅವನೇ ಹುಟ್ಟಿಸಿದವರು, ಜೋಡಿ ಚೆನ್ನಾಗಿತ್ತು.

ರಸ್ತೆಯಲ್ಲಿ ಆಟೋಗಳು ದಾರಿ ಬಿಟ್ಟವು. ಜನ ತಿರುತಿರುಗಿ ನೋಡಿದರು. ಇವನು ಟೋಪಿ ಸರಿಮಾಡಿಕೊಂಡ. ಒಂದು ಗಳಿಗೆ, ಲಿಂಕನ್ನಿಗಿಂತ ಇದೇ ನಯವಾಗಿ ಓಡುತ್ತದಲ್ಲ ಅನಿಸಿತು. ಆ ದಿನ ಅವನಿಗೆ ಪಾಪಪ್ರಜ್ಞೆ ಕಾಡಿದ್ದು ಅದೊಂದಕ್ಕೆ ಮಾತ್ರ.

ಗಚ್ಚಿಬೌಲಿ ಸಿಗ್ನಲ್ಲಿನಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ವಿಜಯಕುಮಾರ ನಗುತ್ತ ಲೈಸೆನ್ಸ್ ಚಾಚಿದ. ಲೈಸೆನ್ಸಿನ ಹೆಸರು ನೋಡಿದವನೇ ಪೊಲೀಸ ತೆಲುಗು ಬಿಟ್ಟು ಕನ್ನಡಕ್ಕಿಳಿದ, ಗಡಿಯ ಜಹೀರಾಬಾದ್ ಕಡೆಯವನಿರಬೇಕು. ಹೂವು ನೋಡಿದ, ಗಣಪನನ್ನು ನೋಡಿದ, ಹಿಂದೆ ಹೋಗಿ ಬೋರ್ಡು ಓದಿ ಬಂದ. "ಹೆಸರು ಭಾಳ ಛಲೋ ಅದಾವ್ರಿ," ಎಂದು ಕಾರಿನ ಕೀಲಿ ಕಿತ್ತುಕೊಂಡ. "ಆದ್ರ ಪಿತೃಪಕ್ಷದಾಗ ಇದ್ಯಾರ ಲಗ್ನಾರಿ?"