ಹದಿನಾಲ್ಕನೇ ನಂಬರಿನ ಸಾಲು

"ಬೆಳಿಗ್ಗೆ ಏಳರಿಂದ ಎಂಟು... ಇಡೀ ಬಿಲ್ಡಿಂಗಿನ ನೆಟ್ ತಿಂತಿರೋದು ನೀವೇ!"

ಮೇಲಿನ ಮನೆಯ ಬಾಗಿಲು ತೆರೆದ ಬಾಡಿಗೆದಾರ ನಚಿಕೇತನ ಮುಖಕ್ಕೇ ದಿವ್ಯ ಲ್ಯಾಪ್‌ಟಾಪ್ ಹಿಡಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಏರಿಳಿಯುತ್ತಿದ್ದವು. ಯಡಿಯೂರಿನ ಆ ಕಟ್ಟಡ ಅವಳ ಅಜ್ಜಿಯದು. ಐದು ಮನೆಗೂ ಒಂದೇ ಇಂಟರ್ನೆಟ್, ಅದರ ಉಸ್ತುವಾರಿ ದಿವ್ಯಳದು. ರೂಟರಿಗೆ ಲಾಗಿನ್ ಆಗಿ ಒಂದು ಕಮಾಂಡ್ ಕೊಟ್ಟರೆ ಸಾಕು, ಒಂದೊಂದು ಫೋನು, ಟ್ಯಾಬಿಗೆ ಅದು ಕೊಟ್ಟ ನಂಬರುಗಳಲ್ಲಿ ಯಾವುದು ಎಷ್ಟು ನೆಟ್ ಎಳೆಯುತ್ತಿದೆ ಎಂದು ಕಾಣುತ್ತಿತ್ತು.

"ಹದಿನಾಲ್ಕು ನಿಮ್ಮ ಟ್ಯಾಬ್. ನೀವು ಬಂದ ದಿನಾನೇ ಚೀಟೀಲಿ ಬರ್ಕೊಂಡಿದೀನಿ."

"ಅದು ಕ್ಲಾಸಿಗೆ..."

"ನಂಗೂ ಮೀಟಿಂಗ್ ಇರತ್ತೆ ಸಾರ್!"

ಅವನು ವಾದಿಸಲಿಲ್ಲ. "ಸರಿ ಮೇಡಂ. ನಾಳೆಯಿಂದ ಆ ಟೈಮಲ್ಲಿ ಬಳಸಲ್ಲ."

ಮೂರು ತಿಂಗಳಿಂದ ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದಿಗೆ ಕಿವಿಗೊಟ್ಟವಳು, ಕೊನೆಗೂ ಮಾತಾಡಿದ್ದು ಹೀಗೆ! ಹಣೆಬರಹ ಅಂದರೆ ಇದೇ ಇರಬೇಕು.

ಮರುದಿನ ಏಳಕ್ಕೆ ನೋಡಿದರೆ ಹದಿನಾಲ್ಕು ಮತ್ತೆ ಎಲ್ಲರಿಗಿಂತ ಮೇಲೆ. ಅದರ ಮರುದಿನವೂ.

'ಮಾತು ಕೊಟ್ಟು ತಪ್ಪಿದನಾ? ಇವನಾ?'

ಕೋಪಕ್ಕಿಂತ ನೋವೇ ಹೆಚ್ಚಾಯಿತು. ಆ ನೋವಲ್ಲೇ ಮೆಸೇಜ್ ಒತ್ತಿಬಿಟ್ಟಳು: "ಸುಳ್ಳು ಹೇಳೋರು ನಮ್ಮನೇಲಿ ಇರೋದು ಬೇಡ."

ಉತ್ತರ ಸಂಜೆಗೆ ಬಂತು. "ಭಾನುವಾರ ಖಾಲಿ ಮಾಡ್ತೀನಿ."

ಅವಳು ಅದನ್ನು ಮೂರು ಸಲ ಓದಿದಳು.

ಶನಿವಾರ ಬೆಳಿಗ್ಗೆ ಅಜ್ಜಿ ಮುನಿಲಕ್ಷ್ಮಮ್ಮ ಹೊಸ ದೊಡ್ಡ ಟಿವಿಯಲ್ಲಿ ಯೂಟ್ಯೂಬಿನ ಹರಿಕಥೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

"ಮೇಲಿನ ಮನೆ ಹುಡುಗನ್ನ ಯಾಕಮ್ಮಾ ಓಡಿಸ್ತಿದೀಯ? ಪಾಪ, ಈಗೀಗ ಆರೂವರೆಗೇ ಬೀಗ ಹಾಕ್ಕಂಡು ಕೆರೆ ಕಡೆ ಹೋಯ್ತಾನೆ."

"ಟ್ಯಾಬ್ ಮನೇಲೇ ಬಿಟ್ಟು ಹೋಗ್ತಾರಾ?"

"ಅದ್ನೂ ಕಂಕುಳಲ್ಲಿ ಇಟ್ಕಂಡೇ ಹೋಯ್ತಾನೆ."

ದಿವ್ಯ ಪರದೆ ನೋಡಿದಳು. ಹದಿನಾಲ್ಕು ಜೋರಾಗಿಯೇ ಓಡುತ್ತಿತ್ತು. ಮನೆಯಲ್ಲೇ ಇಲ್ಲದ ಟ್ಯಾಬ್ ನೆಟ್ ಎಳೆಯುವುದು ಹೇಗೆ?

"ಅಜ್ಜೀ, ಒಂದ್ನಿಮಿಷ ಟಿವಿ ಆಫ್ ಮಾಡು."

ಹರಿಕಥೆ ನಿಂತಿತು. ಹದಿನಾಲ್ಕರ ಸಾಲು ಇಳಿಯಿತು, ಇಳಿದು ಮಾಯವಾಯಿತು!

ಹೋದ ವಾರ ಕರೆಂಟ್ ಹೋಗಿ ಬಂದಾಗ ರೂಟರ್ ಎಲ್ಲರಿಗೂ ಹೊಸದಾಗಿ ನಂಬರು ಹಂಚಿತ್ತು; ಹದಿನಾಲ್ಕು ಟಿವಿಯ ಪಾಲಾಗಿತ್ತು. ಅವಳು ಮಾತ್ರ ಫ್ರಿಜ್ಜಿಗೆ ಅಂಟಿಸಿದ್ದ ಹಳೆಯ ಚೀಟಿಯನ್ನೇ ನಂಬಿದ್ದಳು. ಕಳ್ಳ ಹೊರಗಿನವನಲ್ಲ, ನಡುಮನೆಯಲ್ಲೇ ಕೂತಿದ್ದ.

ಕೆರೆಯ ಪಾರ್ಕಿನ ಬೆಂಚಿನಲ್ಲಿ ನಚಿಕೇತ ಟ್ಯಾಬ್ ನಿಲ್ಲಿಸಿಕೊಂಡು ಕೂತಿದ್ದ. ಮಾತಿಲ್ಲ. ಅವನ ಎರಡೂ ಕೈಗಳು ಗಾಳಿಯಲ್ಲಿ ಏನೋ ಹೇಳುತ್ತಿದ್ದವು. ಟ್ಯಾಬಿನಲ್ಲಿ ಹತ್ತಾರು ಪುಟ್ಟ ಮುಖಗಳು, ಬೆರಳುಗಳಲ್ಲೇ ಉತ್ತರಿಸುತ್ತಿದ್ದವು. ಕಿವಿ ಕೇಳದ ಮಕ್ಕಳ ಗಣಿತದ ಕ್ಲಾಸು!

ಮನೆಯೊಳಗೆ ಸಿಗದ ಫೋನ್ ಸಿಗ್ನಲ್ ಇಲ್ಲೂ ಕೈಕೊಟ್ಟು ನಡುವೆ ಚಿತ್ರ ನಿಂತುಹೋಯಿತು. ಅವನು ತಾಳ್ಮೆಯಿಂದ ಕಾದ. ದಿವ್ಯಳಿಗೆ ಅಳು ಬಂತು. ಕ್ಲಾಸು ಮುಗಿಯುವವರೆಗೂ ಮರದ ಹಿಂದೆಯೇ ನಿಂತಳು.

"ತಪ್ಪು ನಂದು... ಹದಿನಾಲ್ಕು ನಮ್ಮಜ್ಜಿ ಟಿವಿ. ಹಳೇ ಚೀಟಿ ನೋಡ್ಕೊಂಡು ನಿಮ್ಮನ್ನ ಬೈದ್ಬಿಟ್ಟೆ."

ಅವನು ನಕ್ಕುಬಿಟ್ಟ. "ಮೇಲಿನವರೆಗೂ ಕೇಳ್ಸೋ ಆ ಹರಿಕಥೆನಾ?"

"ನಗ್ಬೇಡಿ! ಇಂಥ ಮಕ್ಕಳ ಕ್ಲಾಸು ಅಂತ ನೀವ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಹೊರಟೆ, ನೀವು ಕೇಳ್ಲಿಲ್ಲ. ಆ ಸ್ಕ್ರೀನಲ್ಲಿ ಎಷ್ಟು ಅಂತ ಕಾಣತ್ತೆ. ಯಾತಕ್ಕೆ ಅಂತ ಕಾಣಲ್ವಲ್ಲ."

ಅವಳು ತಲೆ ತಗ್ಗಿಸಿದಳು. "ಖಾಲಿ ಮಾಡ್ಬೇಡಿ. ಬೆಳಿಗ್ಗೆ ನೆಟ್ ಪೂರ್ತಿ ಮಕ್ಕಳಿಗೆ. ಮೀಟಿಂಗಲ್ಲಿ ನಾನು ಕ್ಯಾಮೆರಾ ಆಫ್ ಮಾಡ್ಕೋತೀನಿ, ಅಜ್ಜಿ ಎಂಟರ ಮೇಲೆ ಹರಿಕಥೆ ಕೇಳ್ತಾರೆ."

"ಮಕ್ಕಳಿಗೋಸ್ಕರ ಮಾತ್ರಾನಾ ಇರಿ ಅಂತಿರೋದು?"

'ಈಗ ಹೇಳದಿದ್ದರೆ ನಾಳೆ ಮೇಲಿನ ಮನೆ ಖಾಲಿ...'

"ಅಲ್ಲ. ಸಂಜೆ ನಿಮ್ಮ ಸಾಲು ಮೂಡಿದ್ರೆ ನೀವು ಮನೆಗೆ ಬಂದ್ರಿ ಅಂತ ನಂಗೆ ಸಮಾಧಾನ. ಮೂರು ತಿಂಗಳಿಂದ ಕಾಯ್ತಿದ್ದೆ, ಬಳಕೆ ಲೆಕ್ಕಕ್ಕಲ್ಲ... ನೀವಂದ್ರೆ ನಂಗಿಷ್ಟ."

ನಚಿಕೇತ ನಿಧಾನವಾಗಿ ಕೈ ಎತ್ತಿ, ಅವಳನ್ನೇ ನೋಡುತ್ತ, ಬೆರಳುಗಳಲ್ಲಿ ಏನೋ ಅಂದ.

ಈ ಸಲ ಅವಳು ಕೇಳಿದಳು. "ಏನದು?"

"ನಂಗೂ... ಅಂತ."

ಅವಳ ಕಣ್ಣು ತುಂಬಿತು. "ಹಾಗಾದ್ರೆ ನಾಳೆ ಖಾಲಿ ಮಾಡೋದು?"

"ಮೊದ್ಲು ಆ ಚೀಟಿ ಹರಿದಾಕಿ, ಆಮೇಲೆ ನೋಡಣ."

"ಹರಿದಾಕ್ಬಿಟ್ಟೇ ಬಂದಿದೀನಿ!"