ಮೂರು ತಂಬಿಗೆ ಸೋಡಾ

ನಾನೂರು ಟವೆಲ್ ಹಾಳಾಗಿದ್ದವು. ನೀಲಿ ಬಣ್ಣ ಸಮ ಹಿಡಿಯದೆ ಮೈತುಂಬ ಕಲೆ. ಸೋಲಾಪುರದ ಅಕ್ಕಲಕೋಟ ರಸ್ತೆಯ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುವ ಶುಭಾಂಗಿ ಒಂದನ್ನು ಎತ್ತಿ ತಿಕ್ಕಿ ನೋಡಿದಳು.

"ಬಣ್ಣಕ್ಕ ಹಾಕೂ ಸೋಡಾ ಭಾಳ ಬಿದ್ದೈತಿ."

"ಕಂಪ್ಯೂಟರ್ ಹೇಳಿದಷ್ಟ ಹಾಕೀನ್ರಿ ಅಕ್ಕಾರ," ಬಣ್ಣದ ತೊಟ್ಟಿಯ ಪೀರಪ್ಪ ಬೆವೆತುಹೋದ.

ಆ ಸಾಫ್ಟ್‌ವೇರ್ ಈ ಕಾರ್ಖಾನೆಗೆಂದೇ ಮಂದಾರ ಆರು ವರ್ಷದ ಹಿಂದೆ ಬರೆದದ್ದು; ಯಾವ ಬಣ್ಣಕ್ಕೆ ಏನು ಎಷ್ಟು ಎಂದು ಹೇಳುವುದು ಅದೇ. ಹಾಳಾಗಲು ಬೇರೆ ದಿನ ಸಿಗಲಿಲ್ಲವೇ! ಅದನ್ನೇ ಇಟ್ಟುಕೊಳ್ಳುವುದೋ, ಪುಣೆಯ ಕಂಪನಿಯ ರೆಡಿಮೇಡ್ ಕೊಳ್ಳುವುದೋ ಎಂದು ಮಾಲಕಿ ಚಂದ್ರಭಾಗಾಬಾಯಿ ಇಂದು ಸಂಜೆಯೇ ಹೇಳುವವರಿದ್ದರು. ರೆಡಿಮೇಡ್ ಬಂದರೆ ಮಂದಾರನ ನೌಕರಿ ಹೋದಂತೆ.

"ಆ ಪುಣೆ ಕಂಪನಿ ಸೇಲ್ಸ್‌ಮನ್ ಅಮೋಲಂದೇ ಕೆಲಸ," ಮಂದಾರ ಹಲ್ಲು ಕಡಿದ. "ನಿನ್ನಿ ನನ್ನ ಖುರ್ಚಿ ಮ್ಯಾಗ ಕುಂತಿದ್ದ."

ಬಣ್ಣದ ಮಾಸ್ತರ ಯೋಗಿರಾಜರು ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ರಜೆ ಹಾಕಿ ಅಕ್ಕಲಕೋಟದ ಮನೆಗೆ ಹೋದವರು, ಈಗಷ್ಟೇ ಬಂದಿದ್ದರು. "ರೆಡಿಮೇಡ್ ತಗೋರಿ ಅಂತ ಮೊದಲೇ ಹೇಳಿದ್ದೆ," ಎಂದರು.

* * *

"ಕುಂತಿದ್ದೆ, ಖರೆ," ಸಂಜೆಯ ತೀರ್ಮಾನಕ್ಕೆಂದು ಬಂದಿದ್ದ ಅಮೋಲ್ ನಕ್ಕ. "ಆದ್ರ ಹೇ ಕಾಯ್, ಇದೇನ್ರಿ? ಗ್ರಾಮಿನ ಬಾಜೂಕ ತಂಬಿಗಿ ಅಂತ ಇನ್ನೊಂದು ಖಾನೆ! ಒಂದ್ ತಂಬಿಗಿ ಅಂದ್ರ ಎಷ್ಟ್ರಿ?"

ಶುಭಾಂಗಿ ಕಂಪ್ಯೂಟರ್ ತೆರೆದಳು. ಸೋಡಾ ಬದಲಾದದ್ದು ನಿನ್ನೆ ಒಂದೂ ಹತ್ತಕ್ಕೆ, ಊಟದ ಹೊತ್ತಿನಲ್ಲಿ. ಮಂದಾರನದೇ ಪಾಸ್‌ವರ್ಡ್.

"ಯಾರಿಗೆ ಗೊತ್ತಿತ್ತು?"

"ಗ್ವಾಡಿ ಮ್ಯಾಗ ಬರದೀನಿ," ಮಂದಾರ ತಲೆ ತಗ್ಗಿಸಿದ. ಎಂಥ ಜಾಣ ನೋಡಿ!

* * *

ಸಂಜೆ ಎಲ್ಲರೂ ಮಾಲಕಿಯ ಕೋಣೆಯಲ್ಲಿ ಸೇರಿದರು.

"ಗ್ರಾಮ್ ಖಾನೆ ಯಾರೂ ಮುಟ್ಟಿಲ್ರಿ ಬಾಯಿ," ಎಂದಳು ಶುಭಾಂಗಿ. "ತಂಬಿಗಿ ಖಾನೆದಾಗ ಒಂದು ತಗದು ಮೂರು ಹಾಕ್ಯಾರ. ಅಮೋಲಗ ತಂಬಿಗಿ ಅಳತೀನೇ ಗೊತ್ತಿಲ್ಲ. ಪೀರಪ್ಪಗ ಟೈಪ್ ಮಾಡಾಕ ಬರಂಗಿಲ್ಲ. ಮಂದಾರ ತನ್ನ ಅನ್ನಕ್ಕ ತಾನೇ ಮಣ್ಣು ಹಾಕ್ಕೋತಾನೇನು? ಆ ಖಾನೆ ತಂಬಿಗಿಲೇ ಅಳೆಯೂ ಒಬ್ಬರ ಸಲುವಾಗಿ ಮಾಡಿದ್ದು; ಅವರು ಇಲ್ಲದಾಗ ಪೀರಪ್ಪನೂ ಅದನ್ನ ನೋಡೇ ಹಾಕ್ತಾನ. ಬಣ್ಣ ಕುದಿಯೂ ಹೊತ್ತಿನಾಗ ಎಂದೂ ತೊಟ್ಟಿ ಬಿಟ್ಟು ಹೋಗದವರು, ನಿನ್ನಿ ಹೋದ್ರು."

ಎಲ್ಲರೂ ಮಾಸ್ತರರತ್ತ ತಿರುಗಿದರು.

"ಹೂಂ, ನಾನೇ," ಎಂದರು ಯೋಗಿರಾಜರು. "ಎಲ್ಲಾ ಹದ ನಂದು. ತಂಬಿಗಿಲೆ ಅಳದು ಹೇಳಿದೆ, ಇಂವ ಬರಕೊಂಡ. ಈಗ ಎಲ್ಲಾರೂ ಮಂದಾರನ ಬಣ್ಣ ಅಂತಾರ. ಕೇಳಿ ಕೇಳಿ ಹೊಟ್ಟಿ ಉರೀತಿತ್ತು. ರೆಡಿಮೇಡ್ ಬಂದ್ರ ಯಾರ ಹೆಸರೂ ಇರಂಗಿಲ್ಲ ಅಂದ್ಕೊಂಡೆ."

ಚಂದ್ರಭಾಗಾಬಾಯಿ ಅಮೋಲನ ಫೈಲು ಹಿಂದಿರುಗಿಸಿದರು. "ನಿಮ್ಮದು ಚೊಲೋ ಐತಿ. ಆದ್ರ ನಮ್ಮ ತಂಬಿಗಿ ಅದರಾಗ ಇಲ್ಲ. ಮಂದಾರಂದೇ ಇರ್ಲಿ." ಆಮೇಲೆ ಮೆಲ್ಲಗೆ, "ಮಾಸ್ತರ, ನಾಳಿಯಿಂದ ಬರಬ್ಯಾಡ್ರಿ."

ನೌಕರಿ ಉಳಿದ ಮಂದಾರ ಬಾಗಿಲ ತನಕ ಓಡಿದ. "ಮಾಸ್ತರ, ಬಣ್ಣಕ್ಕ ನಿಮ್ಮ ಹೆಸರು ಹಾಕ್ತೀನ್ರಿ. ಇವತ್ತೇ!"

ಯೋಗಿರಾಜರು ಚಪ್ಪಲಿ ಮೆಟ್ಟಿಕೊಂಡರು.

"ಆರು ವರ್ಷ ತಡಾ ಮಾಡಿದಿ," ಎಂದು ಅಕ್ಕಲಕೋಟದ ಬಸ್ಸಿಗೆ ನಡೆದರು.